ಟೈಂಪ್ಲೀಸ್

ಹಲ್ ಊರಿನ ಟೆಲಿಫೋನ್ ಪೆಟ್ಟಿಗೆಗಳು ಕೆಂಪಲ್ಲ,
ಕೆನೆ ಬಣ್ಣ. ಅದಕ್ಕೇ ಇರಬೇಕು
ಈ ಊರು ನನಗೆ ಒಗ್ಗಿದ್ದು:
ಇಡೀ ದೇಶ ಒಂದಾಟ ಆಡುವಾಗ
ಇದು ತನ್ನ ಪಾಡಿಗೆ ಇನ್ನೊಂದು.

ಹಗಲು ಕನ್ನಡಕದ ಗಾಜು ಉಜ್ಜುತ್ತೇನೆ,
ಮೈನಸ್ ನಾಲ್ಕು, ಪ್ಲಸ್ ಒಂದೂವರೆ, ಯಾರ್ಯಾರದೋ ಮಂಜು.
ಸಂಜೆ ಆರಕ್ಕೆ ಪರದೆ ಎಳೆದು
ದೋಣಿ ಹತ್ತುತ್ತೇನೆ.
ಆ ಆಟದಲ್ಲಿ ದ್ವೀಪ ಹನ್ನೊಂದು, ಜನ ಸೊನ್ನೆ.
ಆರಿದ ದೀಪಸ್ತಂಭಗಳನ್ನು
ಒಂದೊಂದಾಗಿ ಹಚ್ಚುವುದಷ್ಟೇ ಕೆಲಸ.
ಕುಕ್ಕರು ಮೂರನೇ ಸಲ ಕೂಗಿತೋ,
ಒಂದು ಗುಂಡಿ ಒತ್ತುತ್ತೇನೆ.
ಅಲೆ ಎದ್ದಲ್ಲೇ ನಿಲ್ಲುತ್ತದೆ,
ಕಡಲಹಕ್ಕಿ ಬಿಚ್ಚಿದ ರೆಕ್ಕೆಯಲ್ಲೇ ಕಾಯುತ್ತದೆ
ಸಾರಿಗೆ ಒಗ್ಗರಣೆ ಹಾಕಿ ನಾನು ಬರುವ ತನಕ.

ಚಿಕ್ಕಂದಿನಲ್ಲಿ ಹೆಬ್ಬೆರಳೆತ್ತಿ
ಟೈಂಪ್ಲೀಸ್ ಅಂದರೆ ಸಾಕು,
ಅಟ್ಟಿಸಿಕೊಂಡು ಬಂದವನೂ ನಿಲ್ಲುತ್ತಿದ್ದ,
ಏದುಸಿರು ಬಿಡುತ್ತ,
ನನ್ನ ಚಪ್ಪಲಿಯ ಉಂಗುಷ್ಠ ಸರಿಯಾಗುವವರೆಗೆ.
ಆನ್‌ಲೈನಿನಲ್ಲಿ ಟೈಂಪ್ಲೀಸ್ ಇಲ್ಲ.

ಪಕ್ಕದ ಮನೆಯ ಕೀರನ್‌ಗೆ ಇದನ್ನು ಹೇಳಿದರೆ ನಗುತ್ತಾನೆ.
ಹದಿಮೂರು ವರ್ಷ. ಮಂದಾಕಿನಿ ಅನ್ನಲು ಬಾರದೆ
ಮಂಡಿ ಅಂತ ಕರೆಯುತ್ತಾನೆ,
ಅರ್ಥ ನಾನು ಹೇಳಿಲ್ಲ.
ರಾತ್ರಿ ಹತ್ತರವರೆಗೆ ಗೋಡೆಯಾಚೆ ಅವನ ಕೂಗು:
ಹಿಂದೆ! ಹಿಂದೆ ನೋಡೋ! ಥತ್, ಸತ್ತೆ!
ಸಾಯುವುದು ದಿನಕ್ಕೆ ನಲವತ್ತು ಸಲ,
ಒಂದು ಸಲವೂ ಒಬ್ಬನೇ ಅಲ್ಲ.

ಒಮ್ಮೆ ನನ್ನನ್ನೂ ಸೇರಿಸಿಕೊಂಡ.
ನೂರು ಜನ ವಿಮಾನದಿಂದ ಹಾರಿದೆವು,
ಯಾರೋ ಪೋಲೆಂಡಿನವ, ಯಾರೋ ಬ್ರೆಜಿಲಿನವಳು,
ಬೈಗುಳ ಮಾತ್ರ ಎಲ್ಲರಿಗೂ ತಿಳಿಯುವ ಹಾಗೆ.
ನಾನು ಇಳಿದದ್ದು ಗೋಧಿ ಹೊಲದ ಅಂಚಿಗೆ.
ಎಷ್ಟು ಚೆಂದ ಬರೆದಿದ್ದರು ಆ ಸೂರ್ಯಾಸ್ತವನ್ನು!
ಯಾರೋ ತಿಂಗಳುಗಟ್ಟಲೆ ಕೂತು
ತೆನೆತೆನೆಗೂ ಬೇರೆ ಬೇರೆ ತೂಗು ಕೊಟ್ಟಿದ್ದರು.
ನೋಡುತ್ತ ನಿಂತೆ.
ಅಷ್ಟರಲ್ಲಿ ಮುಗಿದೇಹೋಯಿತು.
ನೂರರಲ್ಲಿ ತೊಂಬತ್ತೊಂಬತ್ತನೆಯವಳು ನಾನು.
ಅಂದರೆ ನನಗಿಂತ ಮೊದಲು ಒಬ್ಬರು ಸತ್ತಿದ್ದರು;
ಅವರೂ ಸೂರ್ಯನನ್ನೇ ನೋಡುತ್ತಿದ್ದರೋ ಏನೋ.

ಕೀರನ್ ಪಾಪ, ಗೆಳೆಯರಿಗೆ ಸಮಜಾಯಿಷಿ ಕೊಟ್ಟ,
ನನಗೂ ಕೇಳಿಸುತ್ತದೆ ಅನ್ನುವುದು ಮರೆತು:
ನಮ್ಮ ನೆರೆಯವಳು ಕಣ್ರೋ, ಲೆಕ್ಕಕ್ಕಿಡಬೇಡಿ.
ಆಟಕ್ಕುಂಟು, ಲೆಕ್ಕಕ್ಕಿಲ್ಲ!
ಅಕ್ಕಂದಿರ ಕುಂಟೆಬಿಲ್ಲೆಯಲ್ಲಿ ಸಿಕ್ಕಿದ್ದ ಪದವಿ
ನಲವತ್ತು ವರ್ಷದ ಮೇಲೆ ಕಡಲು ದಾಟಿ
ಹಂಬರ್ ನದಿಯ ದಡದಲ್ಲಿ ಮರಳಿ ಬಂತು.

ಸುಳ್ಳು ಯಾಕೆ, ಗೋಡೆಯಾಚೆಯ ಗದ್ದಲ ಕೇಳುವಾಗ
ಒಂದೊಂದು ಸಲ ಆಸೆಯೂ ಆಗುತ್ತದೆ.
ಆಗ ಚೆನ್ನೆಮಣೆ ನೆನಪಾಗುತ್ತದೆ:
ಒಬ್ಬರೇ ಆಡುವ ಆಟಕ್ಕೆ ಅದರಲ್ಲಿ
ಸೀತೆಯಾಟ ಎಂದು ಹೆಸರು.
ಅಶೋಕವನದಲ್ಲಿ ಬೇಸರ ಕಳೆಯಲು ಆಡಿದಳಂತೆ,
ಎಲ್ಲರೂ ಹಾಗೇ ಹೇಳುತ್ತಾರೆ.
ನನಗೆ ಮಾತ್ರ ಅನುಮಾನ.
ಸುತ್ತ ಅಷ್ಟೊಂದು ಕಾವಲು, ಅಷ್ಟೊಂದು ಬಾಯಿ;
ಆ ಹದಿನಾಲ್ಕು ಗುಳಿಯಷ್ಟೇ
ಅವಳೊಬ್ಬಳದೇ ಜಾಗ ಇದ್ದಿರಬೇಕು.

ಕಳೆದ ಗುರುವಾರ ಅವರ ಮನೆಯ ಇಂಟರ್ನೆಟ್ಟು ಹೋಯಿತು.
ಗಾಳಿಗೋ, ಬಿಲ್ಲಿಗೋ, ನಾನು ಕೇಳಲಿಲ್ಲ.
ಕೀರನ್ ಬಂದು ಸೋಫಾದ ತುದಿಯಲ್ಲಿ ಕೂತ,
ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.
ಆಡ್ತೀಯಾ ಅಂದೆ.
ಬೇಡ, ನೀನೇ ಆಡು ಅಂದ.
ಏಳನೇ ದ್ವೀಪ. ದೋಣಿ ಕಟ್ಟಿ ಮೆಟ್ಟಿಲು ಹತ್ತಿದೆ.
ದೀಪದ ಕೋಣೆಗೆ ಬೀಗ.
ಹತ್ತು ನಿಮಿಷ ಇಬ್ಬರದೂ ಮಾತಿಲ್ಲ.
ಆಮೇಲೆ ಅವನು ಮೆಲ್ಲಗೆ, ತನಗೇ ಅನ್ನುವಂತೆ:
ಮಂಡಿ, ಎಡಕ್ಕೆ. ಆ ಪೀಪಾಯಿಯ ಹಿಂದೆ ಏನೋ ಹೊಳೀತಿದೆ.

ಆ ಬೀಗದಕೈಯನ್ನು ಮೂರು ಚಳಿಗಾಲ
ಮೂರು ಸಲ ಎತ್ತಿಕೊಂಡಿದ್ದೇನೆ.

ಎಲ್ಲಿ? ಅಂದೆ.